ಕೇಳಿ ತಿಳಿಯಿರಿ: ನೊರೆವೈನಿನ ಲೆಕ್ಕಾಚಾರ

ಪ್ರಶ್ನೆ: ಶಾಂಪೇನ್, ಪ್ರೊಸೆಕ್ಕೊ ಎರಡರಲ್ಲೂ ಗುಳ್ಳೆ ಏಳುತ್ತದೆ. ಬೆಲೆ, ರುಚಿಯಲ್ಲಿ ಇಷ್ಟು ಅಂತರ ಯಾಕೆ? (ಓದುಗರು, ಬೆಂಗಳೂರು)

ಉತ್ತರ: ಗುಳ್ಳೆ ಹುಟ್ಟುವುದು ಎರಡನೇ ಸಲದ ಹುದುಗುವಿಕೆಯಲ್ಲಿ. ಅದು ಬಾಟಲಿಯಲ್ಲಿ ನಡೆಯಿತೋ ಟ್ಯಾಂಕಿನಲ್ಲೋ ಎಂಬುದರಲ್ಲೇ ಅರ್ಧ ಉತ್ತರವಿದೆ.

ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದಲ್ಲಿ ಮೊದಲು ಶೇ 11ರ ಆಸುಪಾಸು ಆಲ್ಕೋಹಾಲ್ ಇರುವ, ಹುಳಿ ಮುಂದಾದ ಸಾದಾ ವೈನ್ ಮಾಡಿಕೊಳ್ಳುತ್ತಾರೆ. ಅದಕ್ಕೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಜೊತೆಗೆ ಯೀಸ್ಟ್ ಬೆರೆಸಿ ಬಾಟಲಿಗೆ ತುಂಬಿ ಮುಚ್ಚುತ್ತಾರೆ. 4 ಗ್ರಾಂ ಸಕ್ಕರೆಗೆ ಹೆಚ್ಚುಕಡಿಮೆ 1 ವಾಯುಭಾರದ ಒತ್ತಡ, 24ಕ್ಕೆ 6. ಕಾರಿನ ಟೈರಿನಲ್ಲಿರುವ ಒತ್ತಡದ ಎರಡರಷ್ಟಕ್ಕೂ ಹೆಚ್ಚು! ಸಕ್ಕರೆ ಕೈಮೀರಿದರೆ ಗಾಜು ಸಿಡಿಯುತ್ತದೆ. 1830ರ ದಶಕದಲ್ಲಿ ಶಾಲೋನ್ ಊರಿನ ಔಷಧ ತಯಾರಕ ಝಾನ್ ಬಾಪ್ಟಿಸ್ಟ್ ಫ್ರಾನ್ಸ್ವಾ ಈ ಸಕ್ಕರೆಯ ಅಳತೆಯನ್ನು ಲೆಕ್ಕಕ್ಕೆ ತರುವವರೆಗೆ ನೆಲಮಾಳಿಗೆಗಳಲ್ಲಿ ಬಾಟಲಿ ಒಡೆಯುವುದು ಮಾಮೂಲಾಗಿತ್ತು.

ಸತ್ತ ಯೀಸ್ಟಿನ ಗಷ್ಟು ವೈನಿನೊಳಗೇ ಕರಗುತ್ತ ಬ್ರೆಡ್ಡಿನ ಘಮ ಕೊಡುತ್ತದೆ. ಇದಕ್ಕೆ ಕಾಲ ಬೇಕು: ಕಾನೂನಿನಂತೆ ಕನಿಷ್ಠ 15 ತಿಂಗಳು, ಅದರಲ್ಲಿ 12 ಗಷ್ಟಿನ ಮೇಲೆ. ಒಂದೇ ವರ್ಷದ ಫಸಲಿನದಾದರೆ 3 ವರ್ಷ. ಆಮೇಲೆ ಬಾಟಲಿಯನ್ನು ತಿರುತಿರುಗಿಸುತ್ತ ತಲೆಕೆಳಗು ಮಾಡಿ, ಗಷ್ಟನ್ನು ಕತ್ತಿಗೆ ಇಳಿಸಿ, ಮೈನಸ್ 25 ಡಿಗ್ರಿ ಆಸುಪಾಸಿನ ದ್ರಾವಣದಲ್ಲಿ ಕತ್ತನ್ನಷ್ಟೇ ಅದ್ದುತ್ತಾರೆ. ಮುಚ್ಚಳ ತೆಗೆದರೆ ಗಷ್ಟಿನ ಮಂಜುಗಡ್ಡೆ ತಾನೇ ಹೊರಗೆ ಹಾರುತ್ತದೆ. ನೀವು ದುಡ್ಡು ಕೊಡುವುದು ಈ ಕಾಲಕ್ಕೆ, ಈ ದುಡಿಮೆಗೆ, ಜೊತೆಗೆ ಆ ಹೆಸರಿಗೆ.

ಈಶಾನ್ಯ ಇಟಲಿಯ ಪ್ರೊಸೆಕ್ಕೊದ್ದು ಟ್ಯಾಂಕಿನ ದಾರಿ. ಫೆಡೆರಿಕೊ ಮಾರ್ಟಿನೊಟ್ಟಿ 1895ರಲ್ಲಿ ಪೇಟೆಂಟ್ ಪಡೆದ ವಿಧಾನವನ್ನು 1907ರಲ್ಲಿ ಯೂಜೀನ್ ಶಾರ್ಮಾ ಸುಧಾರಿಸಿದ. ಮುಚ್ಚಿದ ಉಕ್ಕಿನ ಟ್ಯಾಂಕಿನಲ್ಲೇ ಹುದುಗಿಸಿ, ತಣಿಸಿ, ಸೋಸಿ, ಒತ್ತಡ ಬಿಡದೆ ಬಾಟಲಿಗೆ ತುಂಬುತ್ತಾರೆ. ಇದನ್ನು ಕೀಳೆಂದು ಎಣಿಸುವುದು ತಪ್ಪು. ಪ್ರೊಸೆಕ್ಕೊಗೆ ಬಳಸುವ ಗ್ಲೆರಾ ದ್ರಾಕ್ಷಿಯ ಮರಸೇಬು, ಬಿಳಿ ಹೂವಿನ ಘಮ ತಾಜಾ ಉಳಿಯಬೇಕಾದರೆ ಟ್ಯಾಂಕೇ ಸರಿ.

ಬಾಟಲಿಯ ರುಚಿಯೇ ಬೇಕು, ಖರ್ಚು ಕಡಿಮೆ ಇರಲಿ ಎಂದರೆ ಸ್ಪೇನಿನ ಕಾವಾ (ಗಷ್ಟಿನ ಮೇಲೆ ಕನಿಷ್ಠ 9 ತಿಂಗಳು) ಅಥವಾ ದಕ್ಷಿಣ ಆಫ್ರಿಕಾದ ಕ್ಯಾಪ್ ಕ್ಲಾಸಿಕ್ (12 ತಿಂಗಳು) ಹುಡುಕಿ. ನಾಸಿಕ್‌ನ ಸುಲಾ ಬ್ರೂಟ್ ಕೂಡ ಇದೇ ವಿಧಾನದ್ದು.

ಪ್ರಶ್ನೆ: ‘ಎಕ್ಸ್‌ಟ್ರಾ ಡ್ರೈ’ ಎಂದು ಬರೆದಿದ್ದ ಬಾಟಲಿ ಸಿಹಿಯಾಗಿತ್ತು. ಮೋಸವೇ? (ಓದುಗರು, ಮಂಗಳೂರು)

ಉತ್ತರ: ಅಲ್ಲ. ವೈನಿನ ಭಾಷೆಯಲ್ಲಿ ‘ಡ್ರೈ’ ಎಂದರೆ ಸಿಹಿಯಿಲ್ಲದ್ದು; ಇಲ್ಲಿ ಮಾತ್ರ ಇದು ಹಳೆಯ ಹೆಸರು ತರುವ ಗೊಂದಲ. ಲೀಟರಿಗೆ ಸಕ್ಕರೆ 12 ಗ್ರಾಂಗಿಂತ ಕಡಿಮೆಯಿದ್ದರೆ ಬ್ರೂಟ್, 12ರಿಂದ 17 ಇದ್ದರೆ ಎಕ್ಸ್‌ಟ್ರಾ ಡ್ರೈ, 32ರಿಂದ 50 ಇದ್ದರೆ ಡೆಮಿ ಸೆಕ್. ಸಿಹಿ ಬೇಡವಾದರೆ ಬ್ರೂಟ್ ಅಥವಾ ಎಕ್ಸ್‌ಟ್ರಾ ಬ್ರೂಟ್ ಕೇಳಿ.

ಪ್ರಶ್ನೆ: ತೆರೆದ ಕೂಡಲೇ ಅರ್ಧ ವೈನ್ ನೊರೆಯಾಗಿ ಚೆಲ್ಲಿತು, ಲೋಟದಲ್ಲಿ ಮಾತ್ರ ಗುಳ್ಳೆಯೇ ಇಲ್ಲ. (ಓದುಗರು, ದುಬೈ)

ಉತ್ತರ: ಬಹುಶಃ ಬಾಟಲಿ ಬೆಚ್ಚಗಿತ್ತು ಇಲ್ಲವೇ ಕುಲುಕಿತ್ತು. ಬಿಸಿಯೇರಿದಷ್ಟೂ ವೈನ್ ಅನಿಲವನ್ನು ಹಿಡಿದಿಟ್ಟುಕೊಳ್ಳಲಾರದು. ಐಸ್ ಮತ್ತು ನೀರು ಎರಡೂ ಬೆರೆತ ಬಕೆಟ್ಟಿನಲ್ಲಿ ಅರ್ಧ ಗಂಟೆ ಅಥವಾ ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಇಡಿ. ಬಿರಡೆಯನ್ನು ಬಿಗಿದಿರುವ ತಂತಿಯನ್ನು ಸಡಿಲಿಸಲು ಸಾಮಾನ್ಯವಾಗಿ ಆರು ಅರ್ಧಸುತ್ತು ಸಾಕು; ಆ ಹೊತ್ತಿನಿಂದ ಹೆಬ್ಬೆರಳು ಬಿರಡೆಯ ಮೇಲಿಂದ ಕದಲಬಾರದು. ಬಾಟಲಿಯನ್ನು ಯಾರ ಮುಖಕ್ಕೂ ತಿರುಗಿಸದೆ 45 ಡಿಗ್ರಿ ವಾಲಿಸಿ. ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನೇ ತಿರುಗಿಸಿ. ‘ಡಬ್’ ಎನ್ನದೆ ‘ಸ್ಸ್’ ಎಂದರೆ ನೀವು ಸರಿಯಾಗಿ ತೆರೆದಿದ್ದೀರಿ.

ಲೋಟದ ದೋಷಕ್ಕೆ ಸೋಪಿನ ಪದರವನ್ನು ಮೊದಲು ಅನುಮಾನಿಸಿ. ಗುಳ್ಳೆ ಏಳುವುದು ಗಾಜಿಗೆ ಅಂಟಿದ ಸೂಕ್ಷ್ಮ ನಾರಿನೆಳೆಗಳಿಂದ. ಬರೀ ಬಿಸಿನೀರಲ್ಲಿ ತೊಳೆದು ಹತ್ತಿಬಟ್ಟೆಯಲ್ಲಿ ಒರೆಸಿ. ಅದರ ಎಳೆಗಳೇ ಸಾಕು.