ಕಾಶಿಯಲ್ಲಿ ರೂಮು: ಸ್ಟೇಷನ್ ಹತ್ತಿರವಾ, ಘಾಟ್ ಪಕ್ಕವಾ?

ಮೇಡಂ, ವಯಸ್ಸಾದ ಅಪ್ಪ ಅಮ್ಮನ ಜೊತೆ ಕಾಶಿಗೆ ಹೊರಟಿದ್ದೀರಿ, ಕ್ಯಾಂಟ್ ಸ್ಟೇಷನ್ ಹತ್ತಿರ ಲಿಫ್ಟ್ ಇರುವ ಹೋಟೆಲ್ಲು, ಮಣಿಕರ್ಣಿಕಾ ಕಡೆ ಗಂಗೆ ಕಾಣುವ ಗೆಸ್ಟ್ ಹೌಸು, ಎರಡಕ್ಕೂ ಬಾಡಿಗೆ ಒಂದೇ, ಯಾವುದು ಹಿಡಿಯಲಿ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಎರಡೂ ಬೇಡ.

ಸ್ಟೇಷನ್‌ನಿಂದ ಘಾಟ್, ಗುಡಿಗಳ ಹತ್ತಿರದ ಗೊದೌಲಿಯಾ ಚೌಕಕ್ಕೆ 4-5 ಕಿ.ಮೀ. ಅಷ್ಟೇ, ಆದರೆ ಆ ಟ್ರಾಫಿಕ್ ಇದೆಯಲ್ಲ! ಬೆಳಿಗ್ಗೆ ಸ್ನಾನ, ದರ್ಶನ ಮುಗಿಸಿ ಮಧ್ಯಾಹ್ನ ಮಲಗಲು ವಾಪಸ್ ಬಂದು ಸಂಜೆ ದಶಾಶ್ವಮೇಧ ಘಾಟ್‌ನ ಗಂಗಾ ಆರತಿಗೆ ಮತ್ತೆ ಹೋಗಬೇಕು ಅಂದರೆ ದಿನಕ್ಕೆ ನಾಲ್ಕು ಸಲ ಅದೇ ಜಾಮ್. ರಾತ್ರಿ ಬಂದಿಳಿದು ಬೆಳಿಗ್ಗೆ ರೈಲು ಹತ್ತುವವರಿಗೆ ಮಾತ್ರ ಆ ಕಡೆ ಸರಿ.

ಇನ್ನು ಗಂಗೆ ಕಾಣುವ ರೂಮು. ಫೋಟೋದಲ್ಲಿ ಬಾಲ್ಕನಿ ಬಹಳ ಚೆನ್ನಾಗಿರುತ್ತದೆ, ಅಲ್ಲಿಗೆ ಹೋಗುವ ದಾರಿಯ ಫೋಟೋ ಯಾರೂ ಹಾಕುವುದಿಲ್ಲ. ಆ ಗಲ್ಲಿಗಳಿಗೆ ಆಟೋ, ಕಾರು ಬರುವುದಿಲ್ಲ. ಎದುರಿಗೆ ಹಸು ಬಂದರೆ ಗೋಡೆಗೆ ಒರಗಿ ನಿಲ್ಲಬೇಕು, ಹಿಂದಿನಿಂದ ಬೈಕಿನ ಹಾರ್ನು, ಅದರ ನಡುವೆಯೇ 'ರಾಮ್ ನಾಮ್ ಸತ್ಯ ಹೈ' ಅಂತ ಶವ ಹೊತ್ತು ಬರುವವರು. ಸಗಣಿ ತಪ್ಪಿಸಿಕೊಂಡು ಸೂಟ್‌ಕೇಸ್ ಎಳೆಯುವುದು ಬೇರೆ. ಹಳೇ ಮನೆಗಳು, ಕಡಿದಾದ ಮೆಟ್ಟಿಲು, ಗಂಗೆ ಕಾಣಬೇಕು ಅಂದರೆ ಮೇಲಿನ ಮಹಡಿಯೇ ಆಗಬೇಕು. ಮಣಿಕರ್ಣಿಕಾದಲ್ಲಿ ಹಗಲು ರಾತ್ರಿ ಚಿತೆ ಉರಿಯುತ್ತದೆ, ಗಾಳಿ ತಿರುಗಿದರೆ ಹೊಗೆ ಸೀದಾ ಒಳಗೆ. ಒಬ್ಬರೇ ಹೋದರೆ ಇದೆಲ್ಲ ಅನುಭವ. ಮಂಡಿನೋವಿನ ಅಮ್ಮನಿಗೆ ಶಿಕ್ಷೆ.

ನೀವು ಗೊದೌಲಿಯಾದಿಂದ ಸೋನಾರ್‌ಪುರಾ ಕಡೆ ಹೋಗುವ ದೊಡ್ಡ ರಸ್ತೆಯ ಆಸುಪಾಸು ಹುಡುಕಿ. ರಸ್ತೆಗೂ ಕೇದಾರ ಘಾಟ್‌ಗೂ ನಡುವೆ ಗಲ್ಲಿ ಉದ್ದವಿಲ್ಲ. ಹನುಮಾನ್ ಘಾಟ್ ಸುತ್ತ ದಕ್ಷಿಣದವರು ಹಿಂದಿನಿಂದಲೂ ಇದ್ದಾರೆ, ಇಡ್ಲಿ ಸಾಂಬಾರ್‌ಗೆ ಕಷ್ಟವಿಲ್ಲ, ನಮ್ಮ ಕರ್ನಾಟಕ ಘಾಟ್ ಕೂಡ ಅಲ್ಲೇ. ಪಕ್ಕದ ಹರಿಶ್ಚಂದ್ರ ಘಾಟ್‌ನಲ್ಲೂ ಶವಸಂಸ್ಕಾರ ಆಗುತ್ತದೆ, ಸ್ವಲ್ಪ ದೂರ ಇರುವುದನ್ನೇ ನೋಡಿ. ಅಸ್ಸಿ ಘಾಟ್ ಕಡೆ ಇನ್ನೂ ಆರಾಮ, ಗಾಡಿ ಹತ್ತಿರದವರೆಗೂ ಬರುತ್ತದೆ, ಆದರೆ ವಿಶ್ವನಾಥನ ಗುಡಿ ದೂರವಾಗುತ್ತದೆ. ಜಂಗಮವಾಡಿ ಮಠದಲ್ಲೂ ಯಾತ್ರಿಕರಿಗೆ ರೂಮು ಕೊಡುತ್ತಾರೆ, ಗೊದೌಲಿಯಾಕ್ಕೆ ಹತ್ತಿರ, ಸೌಕರ್ಯ ಸರಳ. ಆದರೆ ಮಠ, ಛತ್ರಗಳ ಹೆಸರಲ್ಲಿ ಗೂಗಲ್‌ನಲ್ಲಿ ಸಿಗುವ ಯಾವುದೋ ನಂಬರಿಗೆ ಸುಮ್ನೆ ಅಡ್ವಾನ್ಸ್ ಹಾಕಬೇಡಿ, ಆ ಹೆಸರಲ್ಲಿ ಮೋಸ ಜಾಸ್ತಿ.

ಫೋನ್ ಮಾಡಿದಾಗ 'ಘಾಟ್ ಎಷ್ಟು ದೂರ' ಅಂತ ಕೇಳಬೇಡಿ, ಎಲ್ಲರೂ ಎರಡೇ ನಿಮಿಷ ಅಂತಾರೆ. ಆಟೋ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ರೂಮಿನ ಬಾಗಿಲಿಗೆ ಎಷ್ಟು ಮೆಟ್ಟಿಲು, ಲಗೇಜಿಗೆ ಹುಡುಗನನ್ನು ಕಳಿಸುತ್ತೀರಾ, ಅಂತ ಕೇಳಿ. ಗಲ್ಲಿಯ ವಿಡಿಯೋ ವಾಟ್ಸಾಪ್ ಮಾಡಿ ಅನ್ನಿ. ಕಳಿಸಲು ಹಿಂದೆಮುಂದೆ ನೋಡಿದರೆ ಆ ಜಾಗ ಬಿಟ್ಟುಬಿಡಿ. ಕಿಟಕಿಗೆ ಜಾಲರಿ ಇದೆಯಾ ಅಂತಲೂ ಕೇಳಿ, ಕೋತಿಗಳ ಕಾಟ. ಮೊದಲ ರಾತ್ರಿಗೆ ಮಾತ್ರ ದುಡ್ಡು ಕೊಡಿ. ಸ್ಟೇಷನ್‌ನಲ್ಲಿ ಆಟೋದವನು 'ಆ ಹೋಟೆಲ್ ಮುಚ್ಚಿದೆ, ಬೇರೆ ಕಡೆ ಬಿಡ್ತೀನಿ' ಅಂದರೆ ಅದು ಕಮಿಷನ್ ಆಟ, ಅಲ್ಲೇ ನಿಂತು ಓನರ್‌ಗೆ ಫೋನ್ ಮಾಡಿ.

ಯಾವ ತಿಂಗಳು ಅಂತ ಹೇಳಲಿಲ್ಲ ನೀವು. ಆಗಸ್ಟ್, ಸೆಪ್ಟೆಂಬರ್ ಆದರೆ ಗಂಗೆ ಏರಿ ಘಾಟ್ ಮೆಟ್ಟಿಲು ಮುಳುಗಿರುತ್ತವೆ, ದೋಣಿಯೂ ನಿಲ್ಲಬಹುದು, ಗಂಗೆ ಕಾಣುವ ರೂಮಿಗೆ ಜಾಸ್ತಿ ಕೊಡುವುದು ದಂಡ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಗಾದರೆ ಬಾಡಿಗೆ ಎಲ್ಲೋ ಹೋಗಿರುತ್ತದೆ, ಈಗಲೇ ಬುಕ್ ಮಾಡಿ.