ಇಲಿಯ ಕಿವಿಯಿಂದ ಮಗುವಿನ ಕಿವಿಗೆ ಹಾರಬೇಡಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ‘ಗ್ರಂಥಿಯ ಕೊರತೆ, ಕಿವಿಯ ಸೋಂಕು’ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ. ಇಡಿಎ ಎಂಬ ಒಂದು ಜೀನ್ ಕೆಟ್ಟರೆ ಕೂದಲು, ಹಲ್ಲು, ಬೆವರು ಎಲ್ಲಕ್ಕೂ ಪೆಟ್ಟು ಬೀಳುವ ಆನುವಂಶಿಕ ಕಾಯಿಲೆ ಬರುತ್ತದೆ ಎಂಬುದು ಕನ್ನಡದಲ್ಲಿ ಬರಲೇಬೇಕಾದ ವಿಷಯ. ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ದುಡಿಯುತ್ತ ಕನ್ನಡದಲ್ಲಿ ಬರೆಯುವವರು ವಿರಳ. ಅದಕ್ಕೇ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಇಡಿಎ ಇಲ್ಲದ ಸುಂಡಿಲಿಗಳಲ್ಲಿ ಝಿಂಬಲ್ ಗ್ರಂಥಿ ಸರಿಯಾಗಿ ಬೆಳೆಯುವುದಿಲ್ಲ, ಹೊರಗಿವಿಗೆ ಸೋಂಕು ತಗಲುತ್ತದೆ ಎಂದಿದ್ದೀರಿ. ಸರಿ. ಮರುವಾಕ್ಯದಲ್ಲೇ ‘ಆದ್ದರಿಂದ ಈ ಕಾಯಿಲೆಯ ಮಕ್ಕಳ ಕಿವಿಯೂ ಸೋರುತ್ತದೆ’ ಎಂದುಬಿಟ್ಟಿದ್ದೀರಿ. ಮನುಷ್ಯರಿಗೆ ಝಿಂಬಲ್ ಗ್ರಂಥಿಯೇ ಇಲ್ಲ! ಇಲಿಗೆ ಕಿವಿಯ ಬುಡದಲ್ಲಿ ದೊಡ್ಡದೊಂದು ಜಿಡ್ಡಿನ ಗ್ರಂಥಿಯಿದ್ದು, ಅದರ ನಾಳ ಕಿವಿಯೊಳಗೆ ತೆರೆದುಕೊಳ್ಳುತ್ತದೆ. ನಮ್ಮ ಕಿವಿಯಲ್ಲಿರುವುದು ಸಣ್ಣ ಜಿಡ್ಡಿನ ಗ್ರಂಥಿಗಳು, ಜೊತೆಗೆ ಬೆವರಿನ ಗ್ರಂಥಿಯ ಬಳಗಕ್ಕೇ ಸೇರಿದ ಗುಗ್ಗೆಯ ಗ್ರಂಥಿಗಳು. ಕೆಲಸದಲ್ಲಿ ಹೋಲಿಕೆ ಇರಬಹುದು, ಅಂಗ ಒಂದೇ ಅಲ್ಲ. ಆ ‘ಇರಬಹುದು’ ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ಮಗುವಿನ ಕಿವಿ ಸೋರುತ್ತಿದೆ ಎಂದು ಕಂಗಾಲಾದ ತಾಯಿ ಯಲಹಂಕದಲ್ಲೋ ರಾಜಾಜಿನಗರದಲ್ಲೋ ಕುಳಿತು ಇದನ್ನು ಓದುತ್ತಾರೆ. ವಿಜ್ಞಾನಕ್ಕೇ ಇಲ್ಲದ ಖಾತರಿಯನ್ನು ಅವರಿಗೆ ಕೊಡುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ.

ಹೊರಗಿವಿಯನ್ನೂ ನಡುಗಿವಿಯನ್ನೂ ಬೆರೆಸಿದ್ದೀರಿ. ಕಿವಿತಮಟೆಯ ಆಚೆಗಿನದು ಬೇರೆಯೇ ಕಥೆ. ಈ ಇಲಿಗಳ ಮೂಗಿನ ಹಿಂಭಾಗದಲ್ಲಿ ಲೋಳೆ ಸುರಿಸುವ ಗ್ರಂಥಿಗಳಿಲ್ಲ. ಅಲ್ಲಿನ ಉರಿಯೂತ, ಮೂಗಿನ ಹಿಂಭಾಗವನ್ನೂ ನಡುಗಿವಿಯನ್ನೂ ಜೋಡಿಸುವ ಯೂಸ್ಟೇಷಿಯನ್ ನಾಳದ ಮೂಲಕ ನಡುಗಿವಿಗೆ ಹಬ್ಬುತ್ತದೆ ಎಂಬುದು ಸಂಶೋಧಕರ ವಿವರಣೆ. ಎರಡಕ್ಕೂ ಬೇರೆ ಬೇರೆ ಪ್ಯಾರಾ ಕೊಡಿ.

ಇಷ್ಟೆಲ್ಲ ಓದಿದರೂ ನನಗೆ ಇಲಿಯೇ ಕಾಣಿಸಲಿಲ್ಲ. ‘ಟ್ಯಾಬಿ’ ಎಂದು ಕರೆಯುವ ಈ ಇಲಿಯ ಕಿವಿಯ ಹಿಂದೆ ಬೋಳು, ಬಾಲದ ಮೇಲೆ ಕೂದಲಿಲ್ಲ, ಬಾಲದ ತುದಿ ಡೊಂಕು. ಮಾಮೂಲಿ ಇಲಿಗೆ ಬೆವರಿನ ಗ್ರಂಥಿ ಇರುವುದೇ ಅಂಗಾಲಿನಲ್ಲಿ. ಇದಕ್ಕೆ ಅಲ್ಲಿಯೂ ಇಲ್ಲ. ದಿನವೂ ಅದನ್ನು ಅಂಗೈಯಲ್ಲಿ ಹಿಡಿಯುವ ನೀವು ಬರೆಯದೆ ಇನ್ಯಾರು ಬರೆಯಬೇಕು?

ಕೊನೆಯಲ್ಲಿ ಎರಡು ಸಾಲಿಗೆ ಮುಗಿಸಿದ, ಇದೇ ಕಾಯಿಲೆಯ ಸಿಂಧ್ ಪ್ರಾಂತ್ಯದ ಕುಟುಂಬವನ್ನು ಲೇಖನದ ಆರಂಭಕ್ಕೆ ತನ್ನಿ. 1875ರಲ್ಲಿ ಡಾರ್ವಿನ್ ದಾಖಲಿಸಿದಂತೆ ಅಲ್ಲಿ 4 ತಲೆಮಾರುಗಳ 10 ಗಂಡಸರಿಗೆ ಹಲ್ಲು ಬೆರಳೆಣಿಕೆಯಷ್ಟು, ಮೈಮೇಲೆ ಕೂದಲು ಅಪರೂಪ. ಬೇಸಿಗೆ ಬಂದರೆ ಚರ್ಮ ಒಣಗಿ ನರಳುತ್ತಿದ್ದರು. ಹೆಣ್ಣುಮಕ್ಕಳಿಗೆ ಬಾಧೆಯಿಲ್ಲ, ಅವರ ಗಂಡುಮಕ್ಕಳಿಗೆ ಮಾತ್ರ ದಾಟುತ್ತಿತ್ತು. ಇಡಿಎ ಜೀನ್ ಕುಳಿತಿರುವ ಎಕ್ಸ್ ಕ್ರೋಮೋಸೋಮ್ ವಿವರಿಸಲು ಇದಕ್ಕಿಂತ ಒಳ್ಳೆಯ ದಾರಿ ಬೇಕೇ?

‘ಕಿವಿಗೂ ಮದ್ದು ಸಿಕ್ಕಿತು’ ಎಂಬ ಸಾಲನ್ನು ಹೊಡೆದುಹಾಕಿ. 2018ರ ಜರ್ಮನಿಯ ಎರ್ಲಾಂಗೆನ್ ವೈದ್ಯರ ವರದಿ ಹೇಳಿದ್ದು ಬೆವರಿನ ಮಾತು: ಗರ್ಭದಲ್ಲಿದ್ದಾಗಲೇ ಗರ್ಭಜಲಕ್ಕೆ, ಆ ಜೀನ್ ತಯಾರಿಸಬೇಕಿದ್ದ ಇಡಿಎ ಪ್ರೋಟೀನ್ ಚುಚ್ಚಿದ, ಈ ಕಾಯಿಲೆಯ ಮೂವರು ಗಂಡುಮಕ್ಕಳು ಬೆವರಬಲ್ಲವರಾದರು. ಅದೇ ಸಾಕಷ್ಟು ದೊಡ್ಡ ಸುದ್ದಿ.

ಕಾಯಿಸಿದ ಎಣ್ಣೆ ಬಿಡುವ ಮನೆಮದ್ದಿನ ಸಲಹೆಯಂತೂ ಖಂಡಿತ ಬೇಡ. ತಮಟೆ ತೂತಾಗಿದ್ದರೆ ಅದು ಅಪಾಯ. ಸೋರುವ ಕಿವಿಯನ್ನು ಇಎನ್‌ಟಿ ವೈದ್ಯರಿಗೆ ತೋರಿಸಿ ಎಂದಷ್ಟೇ ಬರೆದು, ತಿದ್ದಿದ ಪ್ರತಿಯನ್ನು ನನಗೇ ಕಳುಹಿಸಿ.