ಟೊಮ್ಯಾಟೊ ಬೇರಲ್ಲಿ ಗಂಟು: ಇದು ಯಾವ ಜಂತುಹುಳು ಅಂತ ಕಂಡುಹಿಡಿಯುವುದು ಹೇಗೆ?

ಟೊಮ್ಯಾಟೊ ಬೇರಲ್ಲಿ ಗಂಟಿದೆ, ಮಣ್ಣು ಸೋಸಿದ ನೀರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತುಂಬಾ ಹುಳುಗಳು ಕಾಣುತ್ತಿವೆ, ಅದರಲ್ಲಿ ಕೆಟ್ಟದ್ದು ಯಾವುದು, ಯಾವ ಪ್ರಭೇದ ಅಂತ ಕೇಳಿದ್ದೀರಿ.

ಮೊದಲು ಗಾಬರಿ ಬಿಡಿ. ಮಣ್ಣಿನ ಜಂತುಹುಳುಗಳೆಲ್ಲ ಬೆಳೆಗೆ ಶತ್ರುಗಳಲ್ಲ. ಬ್ಯಾಕ್ಟೀರಿಯಾ ತಿಂದು ಬದುಕುವವೂ ಬೇಕಾದಷ್ಟಿವೆ. ಹುಳುವಿನ ಬಾಯಿ ನೋಡಿ. ಬೇರು ಚುಚ್ಚಿ ರಸ ಹೀರುವವಕ್ಕೆ ಅಲ್ಲಿ ಸ್ಟೈಲೆಟ್ ಎಂಬ ಸೂಜಿ ಇರುತ್ತದೆ. ಬ್ಯಾಕ್ಟೀರಿಯಾ ತಿನ್ನುವವಕ್ಕೆ ಇರುವುದಿಲ್ಲ. ಹಾಗಂತ ಸೂಜಿ ಇದ್ದದ್ದೆಲ್ಲ ಬೇರಿನ ಹುಳು ಅಲ್ಲ. ಶಿಲೀಂಧ್ರ ತಿನ್ನುವವಕ್ಕೂ ಅದಿದೆ.

ಬೇರೇ ಊದಿಕೊಂಡು ಗಂಟಾಗಿದ್ದರೆ ನಿಮ್ಮದು ಬೇರುಗಂಟು ಜಂತುಹುಳುಗಳ ಮೆಲಾಯ್ಡೊಗೈನ್ ಕುಲ ಅಂತ ಧೈರ್ಯವಾಗಿ ಹೇಳಬಹುದು. ಪ್ರಭೇದ ಹೇಳುವುದೇ ಕಷ್ಟ. ನೀರಿನಲ್ಲಿ ಕಾಣುವ ಮರಿಗಳು ಸುಮಾರು 0.4 ಮಿ.ಮೀ. ಉದ್ದ, ಎಲ್ಲಾ ಪ್ರಭೇದದ್ದೂ ಹೆಚ್ಚುಕಮ್ಮಿ ಒಂದೇ ಥರ. ಅದರಲ್ಲಿ ಸಮಯ ಕಳೆಯಬೇಡಿ. ಗಂಟನ್ನು ಸೂಜಿಯಿಂದ ನಿಧಾನವಾಗಿ ಸೀಳಿ. ಒಳಗೆ ಹೊಳೆಯುವ ಬಿಳಿ ಚುಕ್ಕೆ ಸಿಗುತ್ತದೆ, ಅದೇ ಹೆಣ್ಣು. ಅದರ ಹಿಂಭಾಗ ಕತ್ತರಿಸಿ, 45% ಲ್ಯಾಕ್ಟಿಕ್ ಆಮ್ಲದಲ್ಲಿ ಒಳಗಿನದ್ದನ್ನೆಲ್ಲ ತೆಗೆದು, ಚರ್ಮವನ್ನಷ್ಟೇ ಗ್ಲಿಸರಿನ್‌ನಲ್ಲಿಟ್ಟು ನೋಡಿ. ನಮ್ಮ ಬೆರಳಚ್ಚಿನಂಥ ಗೆರೆಗಳು ಕಾಣುತ್ತವೆ. ಮೇಲಿನ ಕಮಾನು ಎತ್ತರವಾಗಿ, ಚೌಕಾಕಾರಕ್ಕೆ ಹತ್ತಿರವಿದ್ದರೆ ಇನ್‌ಕಾಗ್ನಿಟಾ. ಎರಡೂ ಪಕ್ಕದಲ್ಲಿ ಸ್ಪಷ್ಟ ಗೆರೆ ಹಾದುಹೋಗಿದ್ದರೆ ಜವಾನಿಕಾ. ಬಾಲದ ತುದಿಯ ಹತ್ತಿರ ಸಣ್ಣ ಸಣ್ಣ ಚುಕ್ಕೆಗಳಿದ್ದರೆ ಹಾಪ್ಲಾ. 1949ರಲ್ಲಿ ಜಂತುಹುಳು ವಿಜ್ಞಾನಿ ಚಿಟ್‌ವುಡ್ ಈ ಪ್ರಭೇದಗಳನ್ನು ಬೇರ್ಪಡಿಸಿದಾಗ ಬಳಸಿದ್ದೂ ಇದೇ ಗೆರೆಗಳನ್ನು. ಒಂದೇ ಹೆಣ್ಣು ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೇ ಗಿಡದಲ್ಲಿ ಎರಡು ಪ್ರಭೇದ ಸೇರಿರಬಹುದು.

ಸೀಬೆ ತೋಟಗಳನ್ನು ಹಾಳುಮಾಡುತ್ತಿರುವ, ಇದೇ ಕುಲದ ಎಂಟೆರೊಲೋಬಿಯೈ ಎಂಬ ಪ್ರಭೇದ ಮಾತ್ರ ಈ ಗೆರೆಗಳಲ್ಲಿ ಇನ್‌ಕಾಗ್ನಿಟಾದಂತೆಯೇ ಕಾಣಬಹುದು. ನಿಮ್ಮ ಜಮೀನಿನಲ್ಲಿ ಸೀಬೆ ಇದ್ದರೆ, ಇಲ್ಲವೇ ಸೀಬೆ ಸಸಿ ಹೊರಗಿನಿಂದ ಬಂದಿದ್ದರೆ ಡಿಎನ್‌ಎ ಪರೀಕ್ಷೆಯನ್ನೇ ನಂಬಿ.

ಇಷ್ಟೆಲ್ಲ ಯಾಕೆ ಅಂತೀರಾ? ಗಂಟುರೋಗ ತಡೆಯುತ್ತವೆ ಅಂತ ಮಾರುವ ಟೊಮ್ಯಾಟೊ ತಳಿಗಳಲ್ಲಿ ಸಾಮಾನ್ಯವಾಗಿ ಇರುವುದು ಎಂಐ ಎಂಬ ಜೀನ್. ಅದು ಇನ್‌ಕಾಗ್ನಿಟಾ, ಜವಾನಿಕಾ, ಇದೇ ಕುಲದ ಇನ್ನೊಂದು ಪ್ರಭೇದ ಅರೆನೇರಿಯಾ, ಮೂರನ್ನೂ ತಡೆಯುತ್ತದೆ. ಹಾಪ್ಲಾ, ಎಂಟೆರೊಲೋಬಿಯೈ ಮುಂದೆ ಅದು ನಡೆಯುವುದಿಲ್ಲ. ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಪ್ರಭೇದ ಗೊತ್ತಿಲ್ಲದೆ ದುಬಾರಿ ಬೀಜಕ್ಕೆ ದುಡ್ಡು ಹಾಕಬೇಡಿ ಅಂತ ನಾನು ಹೇಳುವುದು ಅದಕ್ಕೇ.

ಸೀಳುವ ಕೆಲಸ ಕೈಗೆ ಒಗ್ಗದಿದ್ದರೆ ಎಳೆ ಬೇರು, ಅದರ ಸುತ್ತಲಿನ ಹಸಿ ಮಣ್ಣು ಎರಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಕೇಳಿ. ಬಿಸಿಲಿಗೆ ಇಡಬೇಡಿ, ಒಣಗಿಸಬೇಡಿ. ಹುಳು ಸತ್ತರೆ ಮಣ್ಣಿನಿಂದ ಅದನ್ನು ಬೇರ್ಪಡಿಸುವುದು ಕಷ್ಟ.